ಇಳಿಜಾರಿನ ಕೆಳಗಿರುವ ನೆರೆಯವ



ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡಬೇಕೆನಿಸಿದೆ. ಕಡಿದಾದ ಬೆಟ್ಟದ ಮೇಲೆ ಒಬ್ಬ ಯಜಮಾನನಿಗೆ ಪೈನ್ ಮರಗಳ ತೋಪು ಇದೆ. ಜಾಗ ಅವನದು, ಮರ ಅವನದು, ಕಡಿಯಲು ಸರ್ಕಾರದ ಅನುಮತಿಯೂ ಇದೆ. ಮರಗಳನ್ನು ಉರುಳಿಸಿ, ನೇರವಾದ ಕಾಂಡಗಳನ್ನು ಸಾಗಿಸಿ ಮಾರುತ್ತಾನೆ. ತುದಿಗಳು, ಕೊಂಬೆಗಳು, ಸೀಳಿದ ತುಂಡುಗಳು ಇಳಿಜಾರಿನಲ್ಲೇ ಬಿದ್ದಿವೆ. ಅವನ್ನು ಅಲ್ಲೇ ಬಿಡಬೇಕೇ? ಅಥವಾ ಸೌದೆಯಾಗಿ ಹೊತ್ತು ತರಬೇಕೇ?

"ಇದರಲ್ಲಿ ಪಾಪಪುಣ್ಯದ ಮಾತೇನು ಬಂತು? ಗಿಟ್ಟಿದರೆ ತರಲಿ, ಗಿಟ್ಟದಿದ್ದರೆ ಬಿಡಲಿ" ಎಂದು ನೀವು ಹೇಳಬಹುದು. ಸಮತಟ್ಟಾದ ನೆಲದಲ್ಲಾದರೆ ಈ ಉತ್ತರ ಬಹುಮಟ್ಟಿಗೆ ಸರಿಯೇ. ಅಲ್ಲಿ ಬಿಟ್ಟದ್ದು ಬಿಟ್ಟಲ್ಲೇ ಇರುತ್ತದೆ. ಆದರೆ ಇಳಿಜಾರಿನ ನೆಲಕ್ಕೆ ಬೇರೆಯೇ ಗುಣವಿದೆ. ಮೇಲಿರುವವನು ಮಾಡಿದ್ದು, ಮಾಡದೆ ಬಿಟ್ಟದ್ದು, ಎರಡೂ ಒಂದಲ್ಲ ಒಂದು ದಿನ ಕೆಳಗಿಳಿಯುತ್ತವೆ. ಆದುದರಿಂದ ಸೌದೆಯ ಈ ಸಣ್ಣ ಪ್ರಶ್ನೆ ನೆರೆಯವನ ಪ್ರಶ್ನೆಯಾಗುತ್ತದೆ. ಇದನ್ನು ಕಲ್ಪನೆಯ ಬೆಟ್ಟದಲ್ಲಿ ನಿಂತು ಯೋಚಿಸುವುದು ಬೇಡ. ನಿಜವಾದ ಒಂದು ನಾಡಿಗೆ ಹೋಗಿ ನೋಡೋಣ.

ಒಳ್ಳೆಯ ಉದ್ದೇಶದಿಂದ ನೆಟ್ಟ ಮರಗಳು

ನ್ಯೂಜಿಲೆಂಡಿನ ಉತ್ತರ ದ್ವೀಪದ ಪೂರ್ವ ಕರಾವಳಿಯಲ್ಲಿ ಗಿಸ್ಬೋರ್ನ್ ಎಂಬ ಪ್ರಾಂತ್ಯವಿದೆ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನ ಅದನ್ನು ತೈರಾಫಿಟಿ ಎಂದು ಕರೆಯುತ್ತಾರೆ. ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅವರೇ. ಅಲ್ಲಿಯ ಬೆಟ್ಟಗಳು ನಮ್ಮ ಘಟ್ಟದ ಕರಿಕಲ್ಲಿನಂಥವಲ್ಲ. ಕೆಸರು ಗಟ್ಟಿಯಾಗಿ ಆದ ಮೆದು ಕಲ್ಲು. ನೀರು ಬಿದ್ದರೆ ಕರಗುತ್ತದೆ, ಜಾರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ವಲಸಿಗರು ಅಲ್ಲಿನ ಮೂಲ ಕಾಡನ್ನು ಕಡಿದು ಸುಟ್ಟು ಕುರಿಗಳಿಗೆ ಹುಲ್ಲುಗಾವಲು ಮಾಡಿದರು. ಬೇರಿನ ಹಿಡಿತ ತಪ್ಪಿದ ಮಣ್ಣು ಹೊಳೆಗೆ ಇಳಿಯತೊಡಗಿತು. ಅಲ್ಲಿನ ವಾಯಪು ನದಿ ಇಂದಿಗೂ, ತನ್ನ ಗಾತ್ರಕ್ಕೆ ಹೋಲಿಸಿದರೆ, ಜಗತ್ತಿನಲ್ಲೇ ಅತಿ ಹೆಚ್ಚು ಹೂಳು ಹೊರುವ ನದಿಗಳಲ್ಲಿ ಒಂದು.

ಈ ಗಾಯಕ್ಕೆ ಮದ್ದಾಗಿ ಬಂದದ್ದೇ ಪೈನ್. 1960ರ ಸುಮಾರಿಗೆ ಸರ್ಕಾರವೇ ಅಲ್ಲಿನ ಮಂಗಟು ಎಂಬಲ್ಲಿ ಕೊರೆತ ತಡೆಯಲು ಪೈನ್ ನೆಡಲು ಆರಂಭಿಸಿತು. 1988ರ ಮಾರ್ಚ್ ತಿಂಗಳಲ್ಲಿ ಬೋಲಾ ಚಂಡಮಾರುತ ಬಂದು ಹುಲ್ಲುಗಾವಲಿನ ಬೆಟ್ಟಗಳನ್ನು ಸುಲಿದು ಹಾಕಿತು. ಪೈನ್ ಬೆಳೆದು ನಿಂತಿದ್ದ ಇಳಿಜಾರುಗಳು ಹೆಚ್ಚು ಗಟ್ಟಿಯಾಗಿ ನಿಂತವು. ಇದನ್ನು ಕಂಡು 1992ರಿಂದ ಸರ್ಕಾರ ಸಹಾಯಧನ ಕೊಟ್ಟು ಇನ್ನಷ್ಟು ಮರ ನೆಡಿಸಿತು. ನೆಟ್ಟದ್ದು ಹೆಚ್ಚಾಗಿ ಕ್ಯಾಲಿಫೋರ್ನಿಯಾ ಮೂಲದ ರೇಡಿಯಾಟಾ ಪೈನ್. ಬೇಗ ಬೆಳೆಯುತ್ತದೆ, ಸುಮಾರು ಇಪ್ಪತ್ತೆಂಟು ವರ್ಷಕ್ಕೆ ಕಟಾವಿಗೆ ಬರುತ್ತದೆ.

ಗಮನಿಸಿ, ಇಲ್ಲಿ ಯಾರೂ ಕೆಟ್ಟದ್ದನ್ನು ಬಯಸಿರಲಿಲ್ಲ. ಮಣ್ಣು ಉಳಿಯಲಿ, ಜನರಿಗೆ ಕೂಲಿ ಸಿಗಲಿ ಎಂಬ ಉದ್ದೇಶವೇ ಇತ್ತು. ಆದರೆ ಒಳ್ಳೆಯ ಕೆಲಸಕ್ಕೆ ಒಂದು ಆರಂಭವಿದ್ದಂತೆ ಒಂದು ಕೊನೆಯೂ ಇರುತ್ತದೆ. ನೆಡುವ ದಿನ ಎಲ್ಲರೂ ಇದ್ದರು. ಕಡಿಯುವ ದಿನ ಏನು ಮಾಡಬೇಕೆಂದು ಸಾಕಷ್ಟು ಯೋಚಿಸಿದವರು ಕಡಿಮೆ.

ಕಡಿದ ಮೇಲೆ

ದೂರದ ಬೆಟ್ಟ ನುಣ್ಣಗೆ ಎನ್ನುತ್ತದೆ ನಮ್ಮ ಗಾದೆ. ಹತ್ತಿರ ಹೋಗಿ ನೋಡಿದರೆ ಕಟಾವಿನ ಕಥೆ ಹೀಗಿದೆ. ಇಡೀ ಇಳಿಜಾರಿನ ಮರಗಳನ್ನು ಒಟ್ಟಿಗೆ ಬೋಳಿಸುತ್ತಾರೆ. ಬೆಟ್ಟದ ನೆತ್ತಿಯಲ್ಲಿ ಯಂತ್ರ ನಿಲ್ಲಿಸಿ, ಉಕ್ಕಿನ ಹಗ್ಗ ಕಟ್ಟಿ ಕಾಂಡಗಳನ್ನು ಮೇಲಕ್ಕೆ ಎಳೆಯುತ್ತಾರೆ. ಅಲ್ಲಿ ಅಳತೆಗೆ ಕೊಯ್ದು, ಲಾರಿಗೆ ತುಂಬಿ ಬಂದರಿಗೆ ಕಳಿಸುತ್ತಾರೆ. ಅದರಲ್ಲಿ ಬಹುಪಾಲು ಹಡಗೇರಿ ಚೀನಾಕ್ಕೆ ಹೋಗುತ್ತದೆ. ಬೆಲೆ ಬಾರದ ಸೊಪ್ಪುಸದೆ, ತುದಿ, ಒಡಕು ದಿಮ್ಮಿಗಳು ಇಳಿಜಾರಿನಲ್ಲೂ ನೆತ್ತಿಯ ಅಂಚಿನಲ್ಲೂ ಉಳಿಯುತ್ತವೆ.

ಈ ಪೈನ್ ಮರಕ್ಕೆ ಕಡಿದ ಬುಡದಿಂದ ಮತ್ತೆ ಚಿಗುರುವ ಗುಣವಿಲ್ಲ. ಹಳೆಯ ಬೇರು ನೆಲದೊಳಗೆ ಕೊಳೆಯುತ್ತಾ ಹೋಗುತ್ತದೆ. ಹೊಸ ಸಸಿ ನೆಟ್ಟರೂ ಅದರ ಬೇರು ಹಬ್ಬಿ ಮಣ್ಣನ್ನು ಹಿಡಿಯಲು ಕೆಲವು ವರ್ಷ ಬೇಕು. ಈ ನಡುವಿನ ವರ್ಷಗಳಲ್ಲಿ ಬೆಟ್ಟಕ್ಕೆ ಆಸರೆ ಇಲ್ಲ. ಆಗ ದೊಡ್ಡ ಮಳೆ ಬಂದರೆ ಮಣ್ಣು ಜಾರುತ್ತದೆ. ಜಾರುವ ಮಣ್ಣು ಬಿದ್ದ ಮರಗಳನ್ನೆಲ್ಲ ಬಾಚಿಕೊಂಡು ತೊರೆಗೆ ಇಳಿಯುತ್ತದೆ.

2018ರ ಜೂನ್‌ನಲ್ಲಿ ಟೊಲಾಗಾ ಬೇ ಎಂಬ ಊರಿನಲ್ಲಿ ಹೀಗೆಯೇ ಆಯಿತು. ರಾತ್ರಿಯ ಮಳೆಗೆ ಬೆಟ್ಟದ ಮೇಲಿನ ಮರದ ರಾಶಿ ಹೊಲ, ಬೇಲಿ, ಮನೆಯಂಗಳಗಳನ್ನು ತುಳಿದುಕೊಂಡು ಬಂದು ಕಡಲ ದಂಡೆಯನ್ನು ಮುಚ್ಚಿತು. ಮುಂದೆ ನ್ಯಾಯಾಲಯದಲ್ಲಿ ಕೆಲವು ಕಂಪನಿಗಳಿಗೆ ದಂಡವೂ ಬಿತ್ತು. 2023ರ ಜನವರಿಯಲ್ಲಿ ಅದೇ ಪ್ರಾಂತ್ಯದ ಕಡಲತೀರದಲ್ಲಿ ಆಡುತ್ತಿದ್ದ ಬಾಲಕನೊಬ್ಬ ನೀರಿನಲ್ಲಿ ತೇಲುತ್ತಿದ್ದ ದಿಮ್ಮಿ ಬಡಿದು ತೀರಿಕೊಂಡ. ಮರುತಿಂಗಳು ಗೇಬ್ರಿಯೆಲ್ ಚಂಡಮಾರುತ ದೇಶದಲ್ಲಿ ಹನ್ನೊಂದು ಜನರನ್ನು ಬಲಿ ತೆಗೆದುಕೊಂಡಿತು. ಪ್ರವಾಹದಲ್ಲಿ ಬಂದ ಮರಗಳು ಸೇತುವೆಗಳಿಗೆ ಬಡಿದವು. ಅವೆಲ್ಲವೂ ಪೈನ್ ತೋಪಿನವೇ ಎನ್ನುವುದು ನ್ಯಾಯವಲ್ಲ. ದಂಡೆಯಿಂದ ಕಿತ್ತು ಬಂದ ಬೇರೆ ಮರಗಳೂ ಇದ್ದವು. ಆದರೆ ತೋಪಿನ ಪಾಲು ಸಣ್ಣದೇನಲ್ಲ.

ಹಾಗಾದರೆ ಎಲ್ಲವನ್ನೂ ಸೌದೆ ಮಾಡಬಾರದೇ?

ಯಾರಿಗಾದರೂ ಹೊಳೆಯುವ ಉಪಾಯ ಇದೇ. ಒಂದು ಕಡೆ ಬೆಟ್ಟದಲ್ಲಿ ಬಿದ್ದ ಮರ ಪ್ರಾಣ ತೆಗೆಯುತ್ತಿದೆ. ಇನ್ನೊಂದು ಕಡೆ ಅದೇ ದೇಶದ ಕೆಲವು ಹಾಲಿನ ಕಾರ್ಖಾನೆಗಳು, ಶಾಲೆಗಳು ಕಲ್ಲಿದ್ದಲು ಬಿಟ್ಟು ಮರದ ಚಕ್ಕೆ, ಮರದ ಹೊಟ್ಟಿನ ಗುಳಿಗೆ ಉರಿಸುವ ಬಾಯ್ಲರ್‌ಗಳಿಗೆ ಬದಲಾಗುತ್ತಿವೆ. ಬಿದ್ದದ್ದನ್ನು ಹೆಕ್ಕಿ ಉರಿಸಿದರೆ ಎರಡೂ ಕಷ್ಟ ಪರಿಹಾರವಲ್ಲವೇ? ನೆಲದಲ್ಲಿ ಹೇಗೂ ಕೊಳೆಯುವ ಕೊಂಬೆಯನ್ನು ಕಲ್ಲಿದ್ದಲಿನ ಬದಲು ಉರಿಸುವುದು ಒಳ್ಳೆಯದೇ. ಬೆಳೆದು ನಿಂತ ಮರವನ್ನು ಸೌದೆಗೆಂದೇ ಕಡಿಯುವುದು ಮಾತ್ರ ಬೇರೆ ಮಾತು. ಇಪ್ಪತ್ತೆಂಟು ವರ್ಷ ಕೂಡಿಟ್ಟ ಇಂಗಾಲ ಅಲ್ಲಿ ಕೆಲವು ಗಂಟೆಗಳಲ್ಲಿ ಹೊಗೆಯಾಗುತ್ತದೆ. ಅದನ್ನು ಮರಳಿ ಹಿಡಿಯಲು ಇನ್ನೊಂದು ಮರ ಅಷ್ಟೇ ವರ್ಷ ಬೆಳೆಯಬೇಕು.

ಬಿದ್ದ ಕೊಂಬೆಯನ್ನು ತರುವುದಕ್ಕೂ ಮೂರು ತೊಡಕುಗಳಿವೆ. ಮೂರರಲ್ಲೂ ಒಬ್ಬ ನೆರೆಯವ ನಿಂತಿದ್ದಾನೆ.

ಮೊದಲನೆಯದು ಖರ್ಚು. ಹಸಿ ಪೈನ್ ಮರದ ತೂಕದಲ್ಲಿ ಸುಮಾರು ಅರ್ಧ ನೀರು. ಕಡಿದಾದ ಬೆಟ್ಟದಿಂದ ಅದನ್ನು ಎಳೆದು, ಚಕ್ಕೆ ಮಾಡಿ, ದೂರದ ಕಾರ್ಖಾನೆಗೆ ಸಾಗಿಸುವವನು ಅರ್ಧ ಲಾರಿ ನೀರನ್ನೇ ಹೊತ್ತಂತೆ. ಬರುವ ಬೆಲೆ ಡೀಸೆಲ್ಲಿಗೂ ಸಾಲದಿರಬಹುದು. ಹೀಗಾಗಿ ತರುವುದಿಲ್ಲ. ಆದರೆ ಆ ಖರ್ಚು ಮಾಯವಾಯಿತೇ? ಇಲ್ಲ. ಮುಂದಿನ ಮಳೆಯಲ್ಲಿ ಕೆಳಗಿನ ರೈತ ಬೇಲಿಯಾಗಿ, ಹಸುವಾಗಿ, ಹೊಲವಾಗಿ ಅದನ್ನು ತೆರುತ್ತಾನೆ. ಮೇಲಿನವನ ಲೆಕ್ಕದ ಪುಸ್ತಕದಲ್ಲಿ ಕಾಣದ ಸಾಲ ಕೆಳಗಿನವನ ಮನೆಯಲ್ಲಿ ಕಾಣುತ್ತದೆ.

ಎರಡನೆಯದು ಮಣ್ಣು. ಮರದ ಸತ್ವದಲ್ಲಿ ಹೆಚ್ಚಿನ ಪಾಲು ಇರುವುದು ಕಾಂಡದ ತಿರುಳಿನಲ್ಲಲ್ಲ, ಎಲೆ, ಸಣ್ಣ ರೆಂಬೆ, ತೊಗಟೆಗಳಲ್ಲಿ. ಒಂದು ಕಡ್ಡಿಯನ್ನೂ ಬಿಡದೆ ಗುಡಿಸಿ ತಂದರೆ ಮುಂದಿನ ಬೆಳೆಗೆ ಮಣ್ಣಿನ ಸತ್ವ ಕಡಿಮೆಯಾಗುತ್ತದೆ. ಮೇಲಾಗಿ ಆ ಸಣ್ಣ ಸೊಪ್ಪುಸದೆ ಬರಿಯ ನೆಲಕ್ಕೆ ಹೊದಿಕೆ. ಮಳೆಹನಿಯ ಪೆಟ್ಟನ್ನು ಅದು ತಾನು ತಾಳಿಕೊಳ್ಳುತ್ತದೆ. ನಮ್ಮ ಮಲೆನಾಡಿನ ಸೊಪ್ಪಿನ ಬೆಟ್ಟಗಳಿಂದ ತರಗು ತಂದು ಅಡಿಕೆ ತೋಟಕ್ಕೆ ಹಾಕುವ ಕುಟುಂಬಗಳಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಟ್ಟ ಬೋಳಾದರೆ ತೋಟವೂ ಸೊರಗುತ್ತದೆ. ಇಲ್ಲಿನ ನೆರೆಯವನು ಇನ್ನೂ ಹುಟ್ಟದವನು. ಐವತ್ತು ವರ್ಷದ ನಂತರ ಆ ನೆಲದಲ್ಲಿ ಬದುಕುವವನು.

ಮೂರನೆಯದು ಕೆಲಸಗಾರ. ಕಡಿದಾದ ಜಾಗದಲ್ಲಿ ಉರುಳಿದ ಮರಗಳ ನಡುವೆ ನಿಂತು ಹಗ್ಗ ಬಿಗಿಯುವವನ ಕಾಲು ಜಾರಿದರೆ, ಮೇಲಿನ ದಿಮ್ಮಿ ಹೊರಳಿದರೆ, ಅಲ್ಲಿಗೆ ಮುಗಿಯಿತು. 2013ರ ಒಂದೇ ವರ್ಷದಲ್ಲಿ ನ್ಯೂಜಿಲೆಂಡಿನ ಮರದ ತೋಪುಗಳಲ್ಲಿ ಹತ್ತು ಮಂದಿ ಕೆಲಸಗಾರರು ಸತ್ತರು. ಮರುವರ್ಷ ಸ್ವತಂತ್ರ ಸಮಿತಿಯೊಂದು ಈ ಸಾವುಗಳಿಗೆ ಕಾರಣಗಳೇನೆಂದು ಪರಿಶೀಲಿಸಿ ವರದಿ ಕೊಟ್ಟಿತು. ಈಗ ಅನೇಕ ಕಡೆ ಹಗ್ಗ ಕಟ್ಟಿದ ಯಂತ್ರಗಳನ್ನು ಇಳಿಜಾರಿಗೆ ಇಳಿಸಿ, ಮನುಷ್ಯ ಅದರ ಉಕ್ಕಿನ ಕೋಣೆಯೊಳಗೆ ಕುಳಿತು ಕೆಲಸ ಮಾಡುತ್ತಾನೆ. ಆದರೂ ಪ್ರತಿ ಕೊಂಬೆಯನ್ನು ಹೆಕ್ಕಿ ತನ್ನಿ ಎಂದು ನಾವು ಕೆಳಗೆ ಕುಳಿತು ಹೇಳುವಾಗ, ಯಾರ ಕಾಲು ಆ ಇಳಿಜಾರಿನಲ್ಲಿ ಇದೆ ಎಂದು ಕೇಳಿಕೊಳ್ಳಬೇಕು. ಕೆಳಗಿನವರ ಸುರಕ್ಷತೆಗಾಗಿ ಮೇಲಿನ ಕೂಲಿಯವನ ಜೀವ ತೆರುವುದು ಧರ್ಮವಲ್ಲ.

ಪ್ರೀತಿಯಿಂದ ಬಿಟ್ಟದ್ದು, ಬೇಡವೆಂದು ಬಿಟ್ಟದ್ದು

ಬಿಡುವುದರ ಬಗ್ಗೆ ಪವಿತ್ರ ಗ್ರಂಥದಲ್ಲಿ ಒಂದು ಹಳೆಯ ಕಟ್ಟಳೆ ಇದೆ. ಹೊಲ ಕೊಯ್ಯುವಾಗ ಅಂಚಿನವರೆಗೂ ಕೊಯ್ಯಬಾರದು. ಬಿದ್ದ ತೆನೆಯನ್ನು ಮತ್ತೆ ಆಯಬಾರದು. ಅದು ಬಡವನ ಪಾಲು, ಪರದೇಶಿಯ ಪಾಲು ಎನ್ನುತ್ತದೆ ಯಾಜಕಕಾಂಡ. ಹಾಗೆ ಹಕ್ಕಲಾಯಲು ಬಂದ ಪರದೇಶಿ ಹೆಣ್ಣುಮಗಳು ರೂತಳ ಕಥೆ ನಮ್ಮ ಮಕ್ಕಳಿಗೂ ಗೊತ್ತು.

ಮೇಲುನೋಟಕ್ಕೆ ಬೆಟ್ಟದ ಮರದ ಯಜಮಾನನೂ ಇದನ್ನೇ ಮಾಡಿದಂತೆ ಕಾಣುತ್ತದೆ. ಅವನೂ ಬಿಟ್ಟಿದ್ದಾನಲ್ಲ? ಆದರೆ ವ್ಯತ್ಯಾಸ ನೋಡಿ. ಹೊಲದವನು ಬಿಟ್ಟದ್ದು ತನಗೂ ಬೇಕಾದದ್ದನ್ನು. ತೆನೆಗೆ ಬೆಲೆಯಿತ್ತು, ಆಯ್ದರೆ ಅವನ ಕಣಜವೇ ತುಂಬುತ್ತಿತ್ತು. ಆದರೂ ಇನ್ನೊಬ್ಬನ ಹಸಿವನ್ನು ನೆನೆದು ಬಿಟ್ಟ. ಬೆಟ್ಟದವನು ಬಿಟ್ಟದ್ದು ತನಗೆ ಬೇಡವಾದದ್ದನ್ನು. ಬೆಲೆ ಬರುವ ಕಾಂಡದಲ್ಲಿ ಒಂದನ್ನೂ ಬಿಡಲಿಲ್ಲ. ಮೊದಲಿನದು ದಾನ, ಎರಡನೆಯದು ಕಸ. ಎರಡೂ ನೆಲದ ಮೇಲೆ ಬಿದ್ದಿರುತ್ತವೆ, ಎರಡನ್ನೂ ಬಿಟ್ಟದ್ದೆಂದೇ ಕರೆಯುತ್ತೇವೆ. ಆದರೆ ಒಂದು ನೆರೆಯವನ ಹೊಟ್ಟೆ ತುಂಬಿಸುತ್ತದೆ, ಇನ್ನೊಂದು ನೆರೆಯವನ ಮನೆ ಕೆಡವುತ್ತದೆ.

ಆದ್ದರಿಂದ ಎಷ್ಟು ತರಬೇಕು, ಎಷ್ಟು ಬಿಡಬೇಕು ಎಂಬುದಕ್ಕೆ ಒಂದೇ ಅಳತೆ ಇಲ್ಲ. "ಏನನ್ನೂ ವ್ಯರ್ಥ ಮಾಡಬೇಡ, ಎಲ್ಲವನ್ನೂ ಬಾಚಿಕೋ" ಎಂಬ ಜಾಣತನವೂ ಸಾಲದು. "ಪ್ರಕೃತಿಗೆ ಬಿಟ್ಟುಬಿಡು" ಎಂಬ ಸವಿಮಾತೂ ಸಾಲದು. ಕೇಳಬೇಕಾದ ಪ್ರಶ್ನೆ ಇದು: ನಾನು ತಂದರೆ ಯಾರಿಗೆ ಕೊರತೆ? ನಾನು ಬಿಟ್ಟರೆ ಯಾರಿಗೆ ಅಪಾಯ?

ನ್ಯೂಜಿಲೆಂಡ್ ಸರ್ಕಾರ 2023ರ ನವೆಂಬರ್‌ನಲ್ಲಿ ಜಾರಿಗೆ ತಂದ ನಿಯಮದಲ್ಲಿ ಈ ವಿವೇಕದ ಒಂದಂಶ ಕಾಣುತ್ತದೆ. ಕೊರೆತದ ಅಪಾಯ ಹೆಚ್ಚಿರುವ ಬೆಟ್ಟಗಳಲ್ಲಿ 2 ಮೀಟರಿಗಿಂತ ಉದ್ದವೂ ದಪ್ಪ ತುದಿಯಲ್ಲಿ 10 ಸೆಂಟಿಮೀಟರಿಗಿಂತ ದಪ್ಪವೂ ಆದ ಗಟ್ಟಿ ತುಂಡುಗಳನ್ನು ತೆಗೆಯಬೇಕೆಂದು ಅದು ಹೇಳಿತು. ಹೆಕ್ಟೇರಿಗೆ 15 ಘನ ಮೀಟರ್ ಮಾತ್ರ ಉಳಿಯಬಹುದಿತ್ತು. ತೆಗೆಯುವುದೇ ಕೆಲಸಗಾರನಿಗೆ ಅಪಾಯವಾದ ಕಡೆ ವಿನಾಯಿತಿ ಇತ್ತು. ಅಂದರೆ ಸೇತುವೆ ಮುರಿಯಬಲ್ಲ ದಿಮ್ಮಿ ಹೋಗಲಿ, ಮಣ್ಣಿಗೆ ಗೊಬ್ಬರವಾಗುವ ರೆಂಬೆ ಇರಲಿ, ಕೂಲಿಯವನ ಜೀವ ಉಳಿಯಲಿ. ಮೂವರು ನೆರೆಯವರೂ ಅಲ್ಲಿ ನೆನಪಾಗಿದ್ದಾರೆ. ಅದೇ ವರ್ಷ ಸರ್ಕಾರ ನೇಮಿಸಿದ ವಿಚಾರಣಾ ಸಮಿತಿ ಇನ್ನೂ ಮುಂದೆ ಹೋಗಿ, ಅತಿ ಅಪಾಯದ ಇಳಿಜಾರುಗಳಲ್ಲಿ ಬೆಟ್ಟ ಬೆಟ್ಟವನ್ನೇ ಒಟ್ಟಿಗೆ ಬೋಳಿಸುವ ಪದ್ಧತಿ ನಿಲ್ಲಬೇಕೆಂದು ಹೇಳಿತು. ಕೆಲವು ಬೆಟ್ಟಗಳಲ್ಲಿ ಸೌದೆಯ ಪ್ರಶ್ನೆಗೆ ಉತ್ತರವೇ ಇಲ್ಲ, ಅಲ್ಲಿ ಕಡಿಯುವುದನ್ನೇ ಕಡಿಮೆ ಮಾಡಬೇಕು ಎಂಬುದು ಇದರ ಅರ್ಥ.

"ಕಾನೂನು ಪಾಲಿಸಿದ್ದೇನಲ್ಲ?"

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಎರಡನ್ನೂ ಗೌರವದಿಂದ ಕೇಳೋಣ.

"ಮರದ ಕೆಲಸದಿಂದಲೇ ಅಲ್ಲಿನ ಸಾವಿರಾರು ಕುಟುಂಬಗಳ ಒಲೆ ಉರಿಯುತ್ತದೆ. ನಿಯಮ ಬಿಗಿಮಾಡಿದರೆ ಬಡವನೇ ಮೊದಲು ಕೂಲಿ ಕಳೆದುಕೊಳ್ಳುತ್ತಾನೆ" ಎಂಬುದು ಮೊದಲನೆಯದು. ಇದು ಸುಳ್ಳಲ್ಲ. ಆ ಪ್ರಾಂತ್ಯದಲ್ಲಿ ಹಗ್ಗ ಬಿಗಿಯುವವನ ಮನೆಯೂ ಅನೇಕ ವೇಳೆ ಅದೇ ಹೊಳೆಯ ದಂಡೆಯಲ್ಲೇ ಇದೆ. ಆದರೆ ಬಡವನ ಕೂಲಿಯನ್ನು ಮುಂದಿಟ್ಟು ಬಡವನ ಮನೆಯನ್ನೇ ಅಪಾಯಕ್ಕೆ ಒಡ್ಡುವುದು ನ್ಯಾಯವೇ? ಬೆಟ್ಟವನ್ನು ಜೋಪಾನ ಮಾಡುವುದಕ್ಕೂ, ಬಿದ್ದದ್ದನ್ನು ತೆಗೆಯುವುದಕ್ಕೂ, ಊರಿನ ಮೂಲ ಮರಗಳನ್ನು ಮತ್ತೆ ನೆಡುವುದಕ್ಕೂ ಕೈಗಳು ಬೇಕು. ಅದಕ್ಕೆ ಹಣ ಮರದ ಬೆಲೆಯಲ್ಲೇ ಸೇರಬೇಕು. ಹಾಗಾದರೆ ಮರ ಕೊಳ್ಳುವವನಿಗೆ ಬೆಲೆ ಹೆಚ್ಚಾಗುತ್ತದೆ. ನಮಗೆ ಅಗ್ಗವಾಗಿ ಸಿಗುವ ಅನೇಕ ವಸ್ತುಗಳ ಉಳಿದ ಬೆಲೆಯನ್ನು ಎಲ್ಲೋ ಯಾರೋ ಕೆಳಗಿನವರು ಕೊಡುತ್ತಿದ್ದಾರೆ ಎಂಬುದು ಕಹಿಯಾದರೂ ಸತ್ಯ.

"ನಾನು ಕಾನೂನು ಪಾಲಿಸಿದ್ದೇನೆ. ಮಳೆ ದೇವರ ಕೈಯಲ್ಲಿದೆ" ಎಂಬುದು ಎರಡನೆಯದು. ಮಳೆ ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ಮಳೆ ಬರುವ ಮುಂಚೆ ಇಳಿಜಾರಿನಲ್ಲಿ ಏನಿತ್ತು ಎಂಬುದು ನಮ್ಮ ಕೈಯಲ್ಲಿತ್ತು. ಹತ್ತು ಮಳೆಗೆ ಜಾರದೆ ಹನ್ನೊಂದನೆಯದಕ್ಕೆ ಜಾರುವುದು ಗೊತ್ತಿದ್ದೂ ದೇವರ ಹೆಸರು ಹೇಳುವುದು ಭಕ್ತಿಯಲ್ಲ. ಕಾನೂನು ಹೇಳುವುದು ಕನಿಷ್ಠವನ್ನು. ಮನಸ್ಸಾಕ್ಷಿ ಅಲ್ಲಿಗೆ ನಿಲ್ಲುವುದಿಲ್ಲ.

ಕೆಳಗಿನವರು ಮಾತಾಡಿದಾಗ

ಅಲ್ಲಿ ವಿಚಾರಣೆ ತಾನಾಗಿ ಆಗಲಿಲ್ಲ. ಹೊಳೆಯ ಕೆಳಗಿನ ಊರುಗಳ ಸಾವಿರಾರು ಜನ ಸಹಿ ಹಾಕಿ ಮನವಿ ಕೊಟ್ಟರು. ನಮ್ಮ ದೇಶದಲ್ಲೂ ಇಂಥದ್ದು ನಡೆದಿದೆ. 1970ರಲ್ಲಿ ಹಿಮಾಲಯದ ಅಲಕನಂದಾ ಕಣಿವೆಯಲ್ಲಿ ಮಹಾಪೂರ ಬಂತು. ಮೇಲಿನ ಕಾಡು ಬೋಳಾದದ್ದಕ್ಕೂ ಕೆಳಗಿನ ಊರು ಕೊಚ್ಚಿಹೋದದ್ದಕ್ಕೂ ಸಂಬಂಧವಿದೆ ಎಂದು ಹಳ್ಳಿಯವರು ಗುರುತಿಸಿದರು. 1973ರಲ್ಲಿ ಚಿಪ್ಕೋ ಚಳವಳಿ ಶುರುವಾಯಿತು. 1974ರಲ್ಲಿ ರೇಣಿ ಗ್ರಾಮದ ಗೌರಾದೇವಿ ಮತ್ತು ಅವರ ಜೊತೆಯ ಹೆಂಗಸರು ಮರಗಳಿಗೆ ಅಡ್ಡ ನಿಂತರು. ದಿನವೂ ಅದೇ ಬೆಟ್ಟದಿಂದ ಬೆನ್ನ ಮೇಲೆ ಸೌದೆ ಹೊರುತ್ತಿದ್ದವರು ಅವರು. ಎಷ್ಟು ತಂದರೆ ಬೆಟ್ಟ ತಾಳುತ್ತದೆ ಎಂಬುದು ಅವರಿಗೆ ಬೆನ್ನಿನಿಂದಲೇ ಗೊತ್ತಿತ್ತು. ಅದೇ ಸ್ಫೂರ್ತಿಯಿಂದ 1983ರ ಸೆಪ್ಟೆಂಬರ್‌ನಲ್ಲಿ ನಮ್ಮ ಶಿರಸಿಯ ಸಾಲ್ಕಣಿಯಲ್ಲಿ ಅಪ್ಪಿಕೋ ಆರಂಭವಾಯಿತು.

ಪೈನ್ ತೋಪು ನಮ್ಮ ಕರ್ನಾಟಕದ ದೊಡ್ಡ ಸಮಸ್ಯೆಯಲ್ಲ. ಆದರೆ ಇಳಿಜಾರು ನಮ್ಮದೂ ಹೌದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜಾರಿದವು. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಅದೇ ತಿಂಗಳ ಕೊನೆಗೆ ನೆರೆಯ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ಒಂದೊಂದಕ್ಕೂ ಕಾರಣ ಬೇರೆ ಬೇರೆ. ಆದರೆ ಎಲ್ಲ ಕಡೆಯೂ ಹೊಡೆತ ಬಿದ್ದದ್ದು ಕೆಳಗಿದ್ದವರ ಮೇಲೆ.

ಯೇಸುಸ್ವಾಮಿ ಹೇಳಿದ ಸಮಾರಿಯದವನ ಸಾಮತಿಯಲ್ಲಿ ಒಂದು ಸಣ್ಣ ವಿವರ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆ ದಾರಿ ಇಳಿಜಾರಿನದು. ಜೆರುಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ಜೆರಿಕೋ ಸುಮಾರು 250 ಮೀಟರ್ ಕೆಳಗಿದೆ. ಗಾಯಗೊಂಡವನು ಬಿದ್ದಿದ್ದು ಇಳಿಯುವ ದಾರಿಯಲ್ಲಿ. ಯಾಜಕನೂ ಲೇವಿಯನೂ ಅವನಿಗೆ ಏಟು ಹಾಕಲಿಲ್ಲ, ಕಂಡೂ ಮುಂದೆ ನಡೆದರು, ಅಷ್ಟೆ. ಮಾಡಬೇಕಾದುದನ್ನು ಮಾಡದೆ ಬಿಡುವುದೂ ಪಾಪ ಎಂದು ನಾವು ಬಲಿಪೂಜೆಯ ಆರಂಭದಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಆದುದರಿಂದ ಈ ವಾರ ಮನೆಯವರೆಲ್ಲ ಸೇರಿ ಒಂದು ಕೆಲಸ ಮಾಡಿರಿ. ನಿಮ್ಮ ತೋಟದ, ಅಂಗಳದ, ಓಣಿಯ ನೀರು ಎಲ್ಲಿಗೆ ಇಳಿದುಹೋಗುತ್ತದೆ ಎಂದು ಮಕ್ಕಳ ಜೊತೆ ನಡೆದು ನೋಡಿರಿ. ಕಡಿದ ಮರದ ರಾಶಿ ತೋಡಿನ ಬಾಯಲ್ಲಿದ್ದರೆ ಮಳೆಗೆ ಮುಂಚೆ ತೆಗೆಸಿರಿ. ಸೌದೆಯಾಗುವುದನ್ನು ಬೇಕಾದವರಿಗೆ ಕೊಡಿರಿ, ಸೊಪ್ಪನ್ನು ಬುಡಕ್ಕೆ ಹಾಕಿರಿ. ಇಳಿಜಾರಿನಲ್ಲಿ ಮರ ಕಡಿಸುವವರಿದ್ದರೆ, ಒಪ್ಪಂದ ಮಾಡಿಕೊಳ್ಳುವ ದಿನವೇ ಉಳಿದದ್ದನ್ನು ಯಾರು, ಯಾವಾಗ, ಯಾರ ಖರ್ಚಿನಲ್ಲಿ ತೆಗೆಯಬೇಕೆಂದು ಬರೆಸಿಕೊಳ್ಳಿರಿ. ಕೊನೆಗೆ ಆ ನೀರು ಹೋಗಿ ಸೇರುವ ಕಡೆ ಇರುವ ಮನೆಯವರ ಹೆಸರು ನಿಮಗೆ ಗೊತ್ತಿಲ್ಲದಿದ್ದರೆ, ಹೋಗಿ ಕೇಳಿ ತಿಳಿದುಕೊಂಡು ಬನ್ನಿರಿ.